ಬೋರನಿಗೆ ಬಾಕಿ ಇದ್ದ ಒಂದು ದಾಳ

ಆಟ ಅನ್ನೋ ಮಾತು ಕಿವಿಗೆ ಬಿದ್ದರೆ ಸಾಕು, ದುದ್ದದ ಚಿಕ್ಕಬೋರಮ್ಮನಿಗೆ ಮೈಯೆಲ್ಲ ಉರಿದು ಹೋಗುತ್ತಿತ್ತು. ಅಂಥ ಹೆಂಗಸು ಒಂದು ಭಾನುವಾರ ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ನೆಂಟರಿಷ್ಟರ ಮದುವೆಗೆ ಉಡೋ ಸೀರೆಯನ್ನ ಪೆಟ್ಟಿಗೆ ತಳದಿಂದ ತೆಗೆದು ಉಟ್ಟು, ಆ ಆಟ ನಡೆಯೋ ಜಾಗವನ್ನೇ ಹುಡುಕಿಕೊಂಡು ಹೊರಟಳು ಅಂದರೆ ನಂಬುತ್ತೀರಾ? ನಂಬಲೇಬೇಕು, ಯಾಕಂದರೆ ಹೊರಟೇ ಬಿಟ್ಟಳು.

ಜಗಲಿ ಮೇಲೆ ಕೂತಿದ್ದ ಗಂಡ ಲಿಂಗಯ್ಯ ತಲೆ ಎತ್ತಿ, "ಎಲ್ಲಿಗ್ ಒಂಟೆ?" ಅಂದ.

"ಸಸೀಗೆ ಮದ್ವೆ ಮಾಡಕ್ಕೆ."

ಲಿಂಗಯ್ಯ ಜಗಲಿಯಿಂದ ಎದ್ದು ನಿಂತ. ಅವರ ಒಬ್ಬನೇ ಮಗ ಶಶಿಧರ, ಅವ್ವನ ಬಾಯಲ್ಲಿ ಸಸಿ, ಮಣ್ಣಾಗಿ ಎರಡು ತಿಂಗಳಾಗಿತ್ತು. ಹೆಂಡತಿಗೆ ಬುದ್ಧಿ ಕೆಟ್ಟಿದೆ ಅಂತ ಅನ್ನೋಣ ಅಂದರೆ ತನ್ನ ಬುದ್ಧಿಯೂ ನೆಟ್ಟಗಿರಲಿಲ್ಲ. ಸೆರಗಿನ ತುದಿಯಲ್ಲಿ ಏನನ್ನೋ ಗಂಟು ಹಾಕಿಕೊಂಡು ಅವಳು ಬಸ್ಸಿನ ಕಡೆ ನಡೆದದ್ದನ್ನ ಸುಮ್ಮನೆ ನೋಡಿದ.

ಶಶಿಧರ ಹೋಗುವಾಗ ಮೂವತ್ನಾಲ್ಕು ವರ್ಷದವನು. ಕಬ್ಬು, ಭತ್ತ, ಎರಡು ಸೀಮೆ ಹಸು, ಎಲ್ಲವನ್ನೂ ಒಬ್ಬನೇ ನಿಭಾಯಿಸೋನು. ಕುಡಿತ ಇಲ್ಲ, ಇಸ್ಪೀಟಿಲ್ಲ, ಒಂದು ಬೀಡಿ ಕೂಡ ಇಲ್ಲ. ಆದರೂ ಅವನಿಗೊಂದು ಹೆಣ್ಣು ಸಿಗಲಿಲ್ಲ. ಬೇಸಾಯಗಾರ ಅಂದ ಕೂಡಲೇ ಹೆಣ್ಣಿನ ಕಡೆಯವರು ಕಾಫಿ ಲೋಟ ಕೆಳಗಿಟ್ಟು ಕೆಮ್ಮೋಕೆ ಶುರು ಮಾಡ್ತಿದ್ದರು. ಈ ನಮ್ಮ ಸೀಮೆಯಲ್ಲಿ ಎಷ್ಟು ಮನೆಯ ಗಂಡು ಹೀಗೇ ಉಳಿದಿವೆಯೋ ಲೆಕ್ಕ ಇಟ್ಟೋರು ಯಾರು! ಅದು ಸಾಲದು ಅಂತ ಇವನಿಗೆ ಈ ಆಟದ ಹುಚ್ಚು ಬೇರೆ.

ಮದ್ದೂರಿನಲ್ಲಿ ಒಂದು ಸಂಬಂಧ ಕೂಡಿ ಬರೋ ಹಾಗಿತ್ತು. ಹುಡುಗಿಯೂ ಒಪ್ಪಿದ ಹಾಗೆ ಕಂಡಿದ್ದಳು. ಅಷ್ಟರಲ್ಲಿ ಯಾರೋ ಹೋಗಿ ಊದಿದರು. ಹುಡುಗಿಯ ಸೋದರಮಾವ ನೆಟ್ಟಗೆ ಮನೆಗೇ ಬಂದು ಕೂತು ಹೇಳಿದ, "ನೋಡಮ್ಮ, ಪೋನಲ್ಲಿ ಗೇಮ್ ಆಡೋನಾಗಿದ್ರೂ ಕೊಡ್ತಿದ್ದೊ. ಅದು ಈಗ ಎಲ್ಲಾರ್ಗೂ ಅಂಟಿರೋ ಜಾಡ್ಯ, ನಮ್ ಮನೇಲೂ ಅದೆ. ಇದ್ಯಾವ್ದಮ್ಮ ಇದು? ಪೋನಿಲ್ಲ, ಟೀವಿ ಇಲ್ಲ, ಮೀಸೆ ಬಂದ ಗಂಡಸ್ರು ಚಾಪೆ ಆಕ್ಕೊಂಡು ಕುಂತು, ನಾನು ಮಂತ್ರಿ, ನೀನು ರಾಕ್ಸಸ ಅಂತ ಬಾಯಲ್ಲೇ ಆಡ್ತಾರಂತೆ. ನಾವು ಉಡ್ಗಿ ಕೊಡದು ಸಂಸಾರಕ್ಕಮ್ಮ, ನಾಟಕದ ಕಂಪ್ನೀಗಲ್ಲ."

ಅವತ್ತು ಚಿಕ್ಕಬೋರಮ್ಮ ಮಗನ ಮೇಲೆ ಹಾರಾಡಿದ್ದು ಹಾರಾಟವಾ! ಊರಿನವರೆಲ್ಲ ಕೇಳಿಸಿಕೊಂಡರು.

ಆಟ ಅಂದರೆ ಇಷ್ಟೇ. ಮಂಡ್ಯದಲ್ಲಿ ಐಟಿಐ ಓದುವಾಗ ಶಶಿಧರನ ಜೊತೆಗಿದ್ದ ಸಿದ್ದರಾಜು ಈಗ ಮಳವಳ್ಳಿ ಆಚೆಯ ಬ್ಲಫ್‌ನಲ್ಲಿ ಕರೆಂಟು ಮನೆಯ ನೌಕರ. ಅವನ ಕ್ವಾರ್ಟರ್ಸಿನಲ್ಲಿ ಪ್ರತಿ ಭಾನುವಾರ ನಾಲ್ಕು ಜನ ಸೇರೋರು. ಸಿದ್ದರಾಜು ಕತೆ ನಡೆಸೋನು. ಮಿಕ್ಕವರು ಕತೆಯೊಳಗಿನ ಒಬ್ಬೊಬ್ಬ ಆಸಾಮಿ. ಹೊಳೆ ದಾಟಬೇಕಾ, ಹುಲಿ ಓಡಿಸಬೇಕಾ, ಬಾಯಲ್ಲಿ ಹೇಳಿದರೆ ಆಗಲಿಲ್ಲ; ಇಪ್ಪತ್ತು ಮುಖದ ಒಂದು ದಾಳ ಉರುಳಿಸಬೇಕು. ದೊಡ್ಡ ಸಂಖ್ಯೆ ಬಿದ್ದರೆ ಆಯಿತು, ಸಣ್ಣದು ಬಿದ್ದರೆ ಕೆಟ್ಟಿತು. ಮಳವಳ್ಳಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರೋ ಶಿವು, "ದಾಳಕ್ಕೂ ಒಂದು ಆ್ಯಪ್ ಇದೆ ಕಣ್ಲಾ, ಬೆರಳು ಒತ್ತಿದ್ರಾಯ್ತು" ಅಂದರೆ ಸಿದ್ದರಾಜು ಕೆಕ್ಕರಿಸೋನು. ಕೈಯಲ್ಲಿ ಕುಲುಕಿ ಬಿಟ್ಟರೇನೇ ಅದು ದಾಳ, ಪೋನು ಹೇಳೋದು ಪೋನಿನ ಮಾತು ಅನ್ನೋದು ಅವನ ವಾದ.

ಶಶಿಧರ ಇದನ್ನೆಲ್ಲ ಅವ್ವನಿಗೆ ಒಂದು ಸಲ ಹೇಳೋಕೆ ನೋಡಿದ್ದ. ಅವಳು ಸೊಪ್ಪು ಸೋಸುತ್ತಿದ್ದಳು.

"ಅವ್ವ, ಅದ್ರಲ್ಲಿ ನಾನು ಅಂಬಿಗ. ದೋಣಿ ನಡ್ಸೋನು. ಎಸ್ರು ಬೋರ ಅಂತ. ನಿನ್ನೆಸ್ರೇ ಮಡೀಕಂಡಿವ್ನಿ."

"ನನ್ನೆಸ್ರು ಮಡೀಕಂಡು ಕತ್ತೆ ಕಾಯೋಗು. ಮದ್ವೆ ವಯಸ್ಸು ಮುಗ್ದೋಯ್ತಾ ಅದೆ, ದೋಣಿ ನಡುಸ್ತಾನಂತೆ ದೋಣಿ!"

ಅವನು ನಕ್ಕು ಎದ್ದು ಹೋದ. ಮತ್ತೆಂದೂ ಆ ಮಾತು ತೆಗೆಯಲಿಲ್ಲ.

ಆಷಾಢದಲ್ಲಿ ಕಬ್ಬಿಗೆ ನೀರು ಕಟ್ಟೋಕೆ ಹೋದವನಿಗೆ ಹಾವು ಕಡಿಯಿತು. ಮಂಡ್ಯದ ಆಸ್ಪತ್ರೆ ಮುಟ್ಟೋ ಹೊತ್ತಿಗೆ ಎಲ್ಲ ಮುಗಿದಿತ್ತು. ಕುಯ್ದು, ಹೊಲಿದು, ಬಿಳಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಕಳಿಸಿದರು. ನಮ್ಮ ಕಡೆ ಮದುವೆಯಾಗದೆ ಸತ್ತ ಗಂಡಿಗೆ ಹಾಗೇ ಮಣ್ಣು ಮಾಡೋದಿಲ್ಲ. ಒಂದು ಎಕ್ಕದ ಗಿಡ ತಂದು, ಅದಕ್ಕೆ ಸತ್ತವನ ಕೈಯಿಂದ ತಾಳಿ ಅಂತ ಅರಿಸಿನದ ಕೊಂಬು ಕಟ್ಟಿಸಿ, ಅದೇ ಹೆಂಡತಿ ಅಂತ ಶಾಸ್ತ್ರ ಮುಗಿಸಿ, ಆಮೇಲೆ ಆ ಗಿಡವನ್ನ ಕಡಿದು ಹಾಕುತ್ತಾರೆ. ಗಂಡ ಹೋದ ಮೇಲೆ ಅದೂ ನಿಲ್ಲಕೂಡದು ಅಂತ. ಚಿಕ್ಕಬೋರಮ್ಮ ಆ ಸಂಕಟದಲ್ಲೂ ಅರಿಸಿನದ ಕೊಂಬನ್ನ ದಾರಕ್ಕೆ ಕಟ್ಟಿ ಇಟ್ಟುಕೊಂಡು ಬಾಗಿಲಲ್ಲಿ ಕಾದಿದ್ದಳು. ಆದರೆ ಹೆಣ ಬರುವಾಗಲೇ ಹೊತ್ತು ಮುಳುಗುತ್ತಿತ್ತು. ಕುಯ್ದ ಮೈಗೆ ಅರಿಸಿನ ಹಚ್ಚೋದು ಬೇಡ, ಕಟ್ಟು ಬಿಚ್ಚೋದು ಬೇಡ, ಬೇಗ ಎತ್ತಿ ಅಂದರು ಹಿರಿಯರು. ಎತ್ತೇ ಬಿಟ್ಟರು. ದಾರ ಅವಳ ಕೈಯಲ್ಲೇ ಉಳಿಯಿತು.

ಅದು ಹಾಗೇ ಎದೆಯೊಳಗೆ ಮುಳ್ಳಾಗಿ ಕೂತಿತ್ತು. ಸತ್ತ ಹಿರಿಯರಿಗೆ ಎಡೆ ಇಡೋ ಮಾರ್ನಮಿ ಹತ್ತಿರ ಬಂದಾಗ ಓರಗಿತ್ತಿ ಪಟ್ಟಲಮ್ಮ ಬಂದು ಆ ಮುಳ್ಳನ್ನ ಇನ್ನಷ್ಟು ಒತ್ತಿದಳು.

"ಅಲ್ಲ ಕಣಕ್ಕ, ಮದ್ವೆ ಇಲ್ದೋನ್ಗೆ ಇರೀಕರ ಜೊತೇಲಿ ಎಂಗೆ ಎಡೆ ಮಡಗೀಯೆ? ಸೇರ್ಸಕಿಲ್ಲ ಅವ್ರು. ಬಾಗ್ಲಾಚೆ ಬ್ಯಾರೆ ಎಲೆ ಆಕು."

ಬಾಗಿಲಾಚೆ! ಹೊತ್ತು ಹೆತ್ತ ಮನೆಯಲ್ಲಿ, ಅವನು ಸುಣ್ಣ ಬಳಿದ ಗೋಡೆಯ ಆಚೆ, ತಾತಂದಿರೆಲ್ಲ ಒಳಗೆ ಉಣ್ಣುವಾಗ ನನ್ನ ಸಸಿ ಹೊರಗೆ ಕಾಯಬೇಕಾ? ಚಿಕ್ಕಬೋರಮ್ಮನಿಗೆ ಅನ್ನ ಸೇರದ ಹಾಗಾಯಿತು. ಆಗ ನೆನಪಾದದ್ದು ತಿಥಿಯ ದಿನ ಆ ಶಿವು ಕಂಬಕ್ಕೆ ಒರಗಿ ಅಳುತ್ತಾ ಹೇಳಿದ ಮಾತು. "ಅವ್ವ, ನಮ್ ಆಟದಲ್ಲಿ ಬೋರ ಇನ್ನೂ ಬದುಕವ್ನೆ. ಅವನ್ನ ಸಾಯ್ಸಕ್ಕೆ ನಮ್ಗೆ ಮನಸ್ಸು ಬರ್ತಾ ಇಲ್ಲ."

ಅವತ್ತು ಆ ಮಾತು ಕೇಳಿ ಅವನ ಕೆನ್ನೆಗೆ ಬಾರಿಸೋಣ ಅನ್ನಿಸಿತ್ತು. ಈಗ ಅದೇ ಮಾತು ಹಗ್ಗದ ಹಾಗೆ ಕೈಗೆ ಸಿಕ್ಕಿತು. ಇಲ್ಲಿ ಮಣ್ಣೊಳಗಿರೋ ಮಗನಿಗೆ ತಾಳಿ ಕಟ್ಟೋಕೆ ಕೈಯಿಲ್ಲ. ಅಲ್ಲಿ ಇನ್ನೂ ಬದುಕಿರೋ ಮಗನಿಗೆ ಇದೆಯಲ್ಲ? ಓದಿದವರು ನಗಲಿ. ಹೆತ್ತವಳಿಗೆ ಅದು ಸರಿಯಾಗೇ ಕಂಡಿತು.

ದುದ್ದದಿಂದ ಮಂಡ್ಯ, ಮಂಡ್ಯದಿಂದ ಮದ್ದೂರಿನ ಮೇಲೆ ಮಳವಳ್ಳಿ, ಮಳವಳ್ಳಿಯಿಂದ ಬ್ಲಫ್. ಮೂರು ಬಸ್ಸು. ಮದ್ದೂರಿನಲ್ಲಿ ಪಕ್ಕಕ್ಕೆ ಬಂದು ಕೂತ ಹುಡುಗ ಪೋನಿನಲ್ಲಿ ಢಂ ಢಂ ಅಂತ ಗುಂಡು ಹಾರಿಸೋ ಆಟ ಆಡುತ್ತಿದ್ದ. ಕಿವಿಗೆ ಏನೋ ಸಿಕ್ಕಿಸಿಕೊಂಡಿದ್ದ. ಟಿಕೇಟು ಕೇಳಿದರೂ ಕೇಳಿಸುತ್ತಿರಲಿಲ್ಲ. ನಿಂತಿದ್ದ ಒಬ್ಬ ಮುದುಕ, "ದೇಸ ಕೆಟ್ಟಿದ್ದೇ ಈ ಡಬ್ಬದಿಂದ" ಅಂದ. ಬೇರೆ ದಿನವಾಗಿದ್ದರೆ ಚಿಕ್ಕಬೋರಮ್ಮ ಇನ್ನೂ ನಾಲ್ಕು ಮಾತು ಸೇರಿಸೋಳು. ಇವತ್ತು, "ಆಡ್ಕೊಳ್ಳಿ ಬುಡು, ಜೀವ ಅದ್ಯಲ್ಲ" ಅಂದಳು. ಮುದುಕ ಇವಳನ್ನ ಮೇಲಿಂದ ಕೆಳಗೆ ನೋಡಿದ.

ಬ್ಲಫ್‌ನಲ್ಲಿ ಇಳಿದು, ಕೇಳಿಕೊಂಡು ಕೇಳಿಕೊಂಡು ಸಿದ್ದರಾಜುವಿನ ಕ್ವಾರ್ಟರ್ಸು ಮುಟ್ಟಿದಾಗ ಬಿಸಿಲು ಏರಿತ್ತು. ಬಾಗಿಲು ತೆಗೆದವಳು ಅವನ ಹೆಂಡತಿ ಶೋಭಾರಾಣಿ. ನಡುಮನೆಯಲ್ಲಿ ಚಾಪೆ, ಚಾಪೆ ಮೇಲೆ ಮೂರು ಜನ: ಸಿದ್ದರಾಜು, ಶಿವು, ಮತ್ತೆ ಅವಳು!

ಅವಳನ್ನ ನೋಡಿದ ಕೂಡಲೇ ಚಿಕ್ಕಬೋರಮ್ಮನ ಮೋರೆ ಗಂಟಾಯಿತು. ರಂಜಿತ. ಮಳವಳ್ಳಿಯಲ್ಲಿ ಯಾವುದೋ ಸ್ಕೂಲಿನ ಟೀಚರಂತೆ. ಸಸಿ ಸಾಯೋದಕ್ಕೆ ಸ್ವಲ್ಪ ದಿನ ಮುಂಚೆ ಒಂದು ದಿನ ದುದ್ದದ ಮನೆಗೇ ಬಂದಿದ್ದಳು, ಒಬ್ಬಳೇ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಎಲೆಯಲ್ಲಿ ಸುತ್ತಿದ ಒಂದು ಮೊಳ ಮಲ್ಲಿಗೆ. ಸಸಿ ಗದ್ದೆಯಲ್ಲಿದ್ದ. ಯಾರು ಅಂತ ಕೇಳಿದರೆ, "ಭಾನುವಾರ ಒಟ್ಟಿಗೆ ಆಡ್ತೀವಿ ಅಮ್ಮ" ಅಂದಳು. ಅಷ್ಟೇ ಸಾಕಾಯಿತು. ಮದ್ದೂರಿನ ಸಂಬಂಧ ಮುರಿದ ಹೊಟ್ಟೆಯುರಿಯೆಲ್ಲ ಒಂದೇ ಸಲ ಬಾಯಿಗೆ ಬಂತು. "ನಾಚ್ಕೆ ಆಗಕಿಲ್ವಾ? ಮದ್ವೆಗೆ ಬಂದ ಎಣ್ಣುಡ್ಗಿ ಗಂಡುಸ್ರ ಮದ್ಯ ಕುಂತು ದಾಳ ಉರುಳುಸ್ತೀಯ. ನಿಮ್ಮಂತೋರಿಂದ್ಲೇ ನನ್ ಮಗನ್ಗೆ ಎಣ್ ಸಿಕ್ತಿಲ್ಲ. ನಿನ್ನ ಯಾವ ಮನೆಯೋರು ಸೇರುಸ್ಕೊಂಡಾರು? ನಡಿ ಆಚೆಗೆ." ಮನೆಗೆ ಬಂದ ಹೆಣ್ಣುಮಗಳಿಗೆ ಕುಂಕುಮ ಇಲ್ಲ, ಕಾಫಿ ಇಲ್ಲ, ಕುಡಿಯೋಕೆ ನೀರೂ ಇಲ್ಲ. ಬಾಳೆಹಣ್ಣನ್ನ ಹಸುವಿಗೆ ಹಾಕಿದಳು. ಮಗನಿಗೆ ಹೇಳಲೂ ಇಲ್ಲ.

ಈಗ ಮೂವರೂ ಗಡಬಡಿಸಿ ಎದ್ದು ನಿಂತರು. ಸಿದ್ದರಾಜುವಿನ ಮುಖ ಬಿಳಿಚಿತ್ತು. ಜಗಳಕ್ಕೆ ಬಂದಳು ಅಂತಲೇ ಅವನು ತಿಳಿದದ್ದು.

"ಅವ್ವ, ಏನ್ ಇಂಗೆ ಬಂದ್ಬುಟ್ರಿ..."

"ಕುಂತ್ಕೊಳ್ಳಿ ಎಲ್ಲಾರೂವೆ. ಬಯ್ಯಕ್ಕೆ ಬಂದಿಲ್ಲ ನಾನು."

ಚಾಪೆಯ ಒಂದು ಬದಿ ಖಾಲಿ ಬಿಟ್ಟಿದ್ದರು. ಅದು ಯಾರ ಜಾಗ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಚಿಕ್ಕಬೋರಮ್ಮ ಅಲ್ಲೇ ಕೂತಳು. ಮುಂದೆ ಒಂದು ರಟ್ಟು. ಅದರ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಬರೆದ ಹೊಳೆ, ಹೊಳೆಯ ದಡದಲ್ಲಿ ಒಂದು ಹಿತ್ತಾಳೆ ನಟ್ಟು.

"ಇದು ನಮ್ ಮೋಟ್ರು ನಟ್ಟಲ್ವಾ!" ಅಂದಳು. "ಇದು ಕಳ್ದೋಯ್ತು ಅಂತ ಅವರಪ್ಪ ವಾರಗಟ್ಲೆ ಬಯ್ದವ್ನೆ ಅವನ್ನ."

"ಅದೇ ಬೋರ, ಅವ್ವ" ಅಂದ ಶಿವು, ತಲೆ ತಗ್ಗಿಸಿ.

ಚಿಕ್ಕಬೋರಮ್ಮ ಒಂದು ಬೆರಳಲ್ಲಿ ಆ ನಟ್ಟನ್ನ ಮುಟ್ಟಿದಳು. ಎತ್ತಿಕೊಳ್ಳೋಕೆ ಧೈರ್ಯ ಬರಲಿಲ್ಲ.

"ಈಗ ಎಲ್ಲವ್ನೆ?"

ಸಿದ್ದರಾಜು ರಟ್ಟಿನ ಮೇಲಿನ ದಡ ತೋರಿಸಿದ. "ಹೊಳೆ ದಡದಲ್ಲಿ ಕುಂತವ್ನೆ ಅವ್ವ. ಅಲ್ಲಿಗೇ ನಿಲ್ಸಿದೀವಿ. ನಾವು ಮೂವರೂ ಭಾನುವಾರ ಬತ್ತೀವಿ, ಚಾಪೆ ಹಾಸ್ತೀವಿ, ಟೀ ಕುಡೀತೀವಿ. ಆಟ ಮುಂದಕ್ಕೆ ಹೋಗ್ತಾ ಇಲ್ಲ."

"ಊಟ ಮಾಡವ್ನಾ?"

ಎಷ್ಟೋ ಯುದ್ಧ, ಎಷ್ಟೋ ರಾಕ್ಷಸರನ್ನ ಬಾಯಲ್ಲೇ ಕಟ್ಟಿದ ಮನುಷ್ಯ ಈ ಒಂದು ಪ್ರಶ್ನೆಗೆ ಒದ್ದಾಡಿ ಹೋದ. "ಮಾಡವ್ನೆ ಅವ್ವ."

"ಏನುಂಡ?"

"ಮುದ್ದೆ. ಬಸ್ಸಾರು."

"ಹೂಂ" ಅಂದಳು ಚಿಕ್ಕಬೋರಮ್ಮ. ಸೆರಗಿನ ಗಂಟು ಬಿಚ್ಚಿ ಅರಿಸಿನದ ಕೊಂಬು ಕಟ್ಟಿದ ದಾರವನ್ನ ರಟ್ಟಿನ ಮೇಲಿಟ್ಟಳು. ಅರಿಸಿನ ಒಣಗಿ ಸುಕ್ಕಾಗಿತ್ತು. ಎಕ್ಕದ ಗಿಡದ ವಿಷಯ, ಹೊತ್ತು ಮುಳುಗಿದ್ದು, ಬಾಗಿಲಾಚೆಯ ಎಡೆ, ಎಲ್ಲವನ್ನೂ ಮುಚ್ಚುಮರೆ ಇಲ್ಲದೆ ಹೇಳಿದಳು. "ಅವನು ಇಲ್ಲಿ ಬದುಕವ್ನೆ ಅಂದ್ರಲ್ಲ. ಅಂಗಾರೆ ಇಲ್ಲೇ ಒಂದು ಮದ್ವೆ ಮಾಡ್ಕೊಡಿ. ನಿಮ್ ಕತೇಲಿ ಯಾವ್ದಾರ ಒಂದು ಎಣ್ಣಿದ್ರೆ ನೋಡಿ. ಕುರುಡಿ ಆಗ್ಲಿ, ಕುಂಟಿ ಆಗ್ಲಿ. ನಾನು ಬ್ಯಾಡ ಅನ್ನಕಿಲ್ಲ."

ಶೋಭಾರಾಣಿ ಒಳಮನೆ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡಳು. ಯಾರೂ ನಗಲಿಲ್ಲ. ಶಿವು ಬಾಯಿ ಬಿಟ್ಟ.

"ಅವ್ವ, ಬೋರ ಆಗ್ಲೇ ಒಬ್ಬಳನ್ನ ಕೇಳಿದ್ದ."

"ಏನ್ ಕೇಳಿದ್ದ?"

"ನನ್ನ ಮದ್ವೆ ಆಯ್ತೀಯಾ ಅಂತ. ಕಡೇ ಭಾನುವಾರ. ಚೆನ್ನಿ ಅಂತ ಕತ್ತಿ ಹಿಡಿಯೋಳೊಬ್ಬಳು ಅವ್ಳೆ ನಮ್ ಕತೇಲಿ, ಅವಳನ್ನ. ಅವಳು ದಾಳ ಹಾಕು ಅಂದ್ಲು. ಹಾಕ್ದ, ಬೀಳ್ಲಿಲ್ಲ. ನಾವೆಲ್ಲ ನಕ್ಕುಬುಟ್ಟೊ. ನಮ್ಮಲ್ಲಿ ಸೋತ ಕೇಳಿಕೆಗೆ ಮುಂದಿನ ಸಲ ಇನ್ನೊಂದು ದಾಳ ಹಾಕೋ ಅವಕಾಶ ಇರ್ತದೆ. ಬರೋ ವಾರ ಬೀಳುಸ್ತೀನಿ ನೋಡ್ಲಾ ಅಂದ್ಕೊಂಡು ಬೈಕು ಹತ್ತಿದ. ಆ ವಾರವೇ..."

ಚಿಕ್ಕಬೋರಮ್ಮನ ಕಣ್ಣು ಮಿಂಚಿತು. ಸತ್ತ ಮಗನಿಗೆ ಇನ್ನೊಂದು ಅವಕಾಶ ಬಾಕಿ ಇದೆ ಅಂದರೆ ಯಾವ ತಾಯಿ ಸುಮ್ಮನಿದ್ದಾಳು?

"ಇನ್ನೊಂದು ಅದ್ಯಾ? ಅಂಗಾರೆ ಕೊಡಿ ಇತ್ಲಾಗೆ. ನಾನ್ ಆಕ್ತೀನಿ ಅವನ ಬದ್ಲು."

"ಇದಕ್ಕೆ ದಾಳ ಬೇಡ ಅವ್ವ" ಅಂದ ಸಿದ್ದರಾಜು. "ಕತೆ ನಡ್ಸೋನು ನಾನು. ಮದ್ವೆ ಆಯ್ತು ಅಂತೀನಿ, ಆಯ್ತು."

"ಏಯ್, ಬುಡು! ನನ್ ಮಗ ಯಾವತ್ತಾರ ಮೋಸದಾಟ ಆಡವ್ನಾ? ಬೇಸಾಯಗಾರ ಅಂತ ಊರೂರಲ್ಲಿ ಬ್ಯಾಡ ಅನ್ನುಸ್ಕೊಂಡ. ಇಲ್ಲಾದ್ರೂ ಅವನು ನ್ಯಾಯವಾಗಿ ಗೆದ್ದು ಮಾಡ್ಕೊಳ್ಳಿ. ಕೊಡು."

ಸಿದ್ದರಾಜು ದಾಳ ಕೊಟ್ಟ. ಕಬ್ಬು ಸುಲಿದು, ಸಗಣಿ ಬಾಚಿ ಒರಟಾದ ಅಂಗೈಯಲ್ಲಿ ಆ ಹಸಿರು ದಾಳ ಗೋಲಿಯಷ್ಟೂ ಕಾಣಲಿಲ್ಲ. ಹದಿನೈದರ ಮೇಲೆ ಬೀಳಬೇಕು ಅಂದರು. ಅವಳು ಕಣ್ಣುಮುಚ್ಚಿ, ಮನೆದೇವರನ್ನ ನೆನೆದು, ಎರಡೂ ಕೈಯಲ್ಲಿ ಕುಲುಕಿ, ಬಿಟ್ಟಳು. ದಾಳ ಬರೆದ ಹೊಳೆಯ ಮೇಲೆ ಉರುಳಿ, ಹಿತ್ತಾಳೆ ನಟ್ಟಿಗೆ ತಗುಲಿ ನಿಂತಿತು.

"ಎಷ್ಟು ಬಿತ್ತು?" ಕಣ್ಣು ತೆರೆಯದೆ ಕೇಳಿದಳು.

ಮೂವರೂ ದಾಳದ ಮೇಲೆ ಬಗ್ಗಿದರು.

"ಎಷ್ಟ್ರಪ್ಪಾ?"

"ಮೂರು, ಅವ್ವ."

"ಸಾಲ್ದಾ?"

"ಸಾಲ್ದು."

ಚಿಕ್ಕಬೋರಮ್ಮ ಎರಡು ತಿಂಗಳಿಂದ ಅತ್ತಿದ್ದೆಲ್ಲ ಒಂದು, ಈಗ ಅತ್ತಿದ್ದೇ ಒಂದು. ಸದ್ದಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ರಟ್ಟಿನ ಮುಂದೆ ಹಾಗೇ ಬಾಗಿ, "ಇಲ್ಲೂ ಇಲ್ವಾ ಮಗ್ನೆ? ಬಾಯಲ್ಲಿ ಆಡೋ ಆಟದಲ್ಲೂ ನಿಂಗೊಂದ್ ಎಣ್ ಬರ್ನಿಲ್ವಾ?" ಅಂದಳು.

ಆಗ ಇಷ್ಟು ಹೊತ್ತೂ ಗೋಡೆಗೆ ಒರಗಿ ಕೂತಿದ್ದ ರಂಜಿತ ಮುಂದಕ್ಕೆ ಬಂದಳು. ಅವಳ ಕೈಯಲ್ಲಿ ಒಂದು ಬಿಳಿ ಚೆಸ್ ರಾಣಿ ಇತ್ತು. ಅದನ್ನ ನಟ್ಟಿನ ಪಕ್ಕಕ್ಕೆ ಇಟ್ಟಳು.

"ಚೆನ್ನಿ ನಾನೇ ಅಮ್ಮ. ನಾನು ಒಪ್ಪಿದ್ದೀನಿ. ದಾಳ ಏನಾದ್ರೂ ಬೀಳ್ಲಿ."

ಚಿಕ್ಕಬೋರಮ್ಮ ತಲೆ ಎತ್ತಿದಳು. "ನೀನಾ?"

"ಅವತ್ತೂ ಒಪ್ಪಿದ್ದೆ. ಬೋರ ಚೆನ್ನಿಯನ್ನ ಕೇಳಿದ್ದಲ್ಲ ಅದು. ಶಶಿ ನನ್ನನ್ನ ಕೇಳಿದ್ದು. ನಂಗೆ ಗೊತ್ತಾಯ್ತು. ಎಲ್ಲಾರ ಮುಂದೆ ಕೇಳೋಕೆ ಅವರಿಗೆ ಬೇರೆ ದಾರಿ ಗೊತ್ತಿರ್ಲಿಲ್ಲ. ನಾನು ಹೂಂ ಅಂತ ಅನ್ನಬಹುದಿತ್ತು. ದಾಳ ಹಾಕು ಅಂತ ತಮಾಷೆ ಮಾಡ್ದೆ."

"ಯಾಕವ್ವಾ? ಯಾಕಂಗ್ ಮಾಡ್ದೆ?"

ಕೇಳಬಾರದಿತ್ತು ಆ ಪ್ರಶ್ನೆ. ಕೇಳಿದ ಮೇಲೆ ಅವಳಿಗೇ ಅದು ಎದೆಗೆ ಬಡಿಯಿತು. ರಂಜಿತಳ ಉತ್ತರದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚಿಕ್ಕಬೋರಮ್ಮ ತಡೆದುಕೊಳ್ಳೋಳು.

"ಅದರ ಹಿಂದಿನ ವಾರ ನಿಮ್ಮ ಮನೆಗೆ ಬಂದಿದ್ದೆನಲ್ಲ ಅಮ್ಮ. ಆಟಕ್ಕೆ ಬಂದಿರ್ಲಿಲ್ಲ ನಾನು. ನಿಮ್ಮನ್ನ ನೋಡೋಕೆ ಬಂದಿದ್ದೆ. ಮನೆ ಹೆಂಗಿದೆ, ನೀವು ಹೆಂಗಿದ್ದೀರಿ, ನಾನು ಅಲ್ಲಿ ಬಾಳಬಹುದಾ ಅಂತ. ಬಾಗಿಲಲ್ಲಿ ನಿಂತಾಗ ಏನು ಹೇಳಬೇಕೋ ತಿಳೀಲಿಲ್ಲ, ಭಾನುವಾರ ಆಡ್ತೀವಿ ಅಂದ್ಬಿಟ್ಟೆ. ನೀವು ಅಂದದ್ದು ಮನಸ್ಸಲ್ಲಿತ್ತು. ಅದಕ್ಕೇ ಹೂಂ ಅನ್ನೋಕೆ ಆಗ್ಲಿಲ್ಲ."

ಬಾಳೆಹಣ್ಣು. ಮಲ್ಲಿಗೆ. ಆಟ ಆಡೋಕೆ ಬರೋ ಹುಡುಗಿ ಹೂವು ಹಣ್ಣು ಹಿಡಿದು ಬರ್ತಾಳಾ? ಅರವತ್ತು ವರ್ಷ ಲೋಕ ಕಂಡ ಹೆಂಗಸಿಗೆ ಅಷ್ಟು ಕಾಣಲಿಲ್ಲವೇ? ಬಸ್ಸಿಂದ ಬಸ್ಸಿಗೆ ಹತ್ತಿ ಇಳಿದು ಬಂದಿದ್ದಳು ಹುಡುಗಿ, ಇವತ್ತು ತಾನು ಬಂದ ಹಾಗೇ. ಊರೂರು ಅಲೆದು, ಕಂಡಕಂಡವರ ಮುಂದೆ ಸೆರಗೊಡ್ಡಿ ಬೇಡಿದ ಸೊಸೆ, ತಾನಾಗಿ ಬಂದು ಹೊಸಲಲ್ಲಿ ನಿಂತಿದ್ದಳು. ಅವಳು ತಂದ ಹಣ್ಣನ್ನ ಹಸು ತಿಂದಿತ್ತು.

ಚಿಕ್ಕಬೋರಮ್ಮ ತನ್ನ ಬಾಯಿಗೆ ತಾನೇ ಬಡಿದುಕೊಂಡಳು. ಒಂದು ಸಲ, ಎರಡು ಸಲ. ಮೂರನೇ ಸಲ ರಂಜಿತ ಆ ಕೈಯನ್ನ ಹಿಡಿದುಕೊಂಡಳು.

"ಬುಡು ನನ್ನ. ಆವು ಕಡ್ದು ಸತ್ತ ಅಂತ ಆವ್ಗೆ ಸಾಪ ಆಕ್ತಿದ್ದೆ ಕಣವ್ವ. ಸಾಯಕ್ ಮುಂಚೆ ಅವನ ಬಾಳಿಗೆ ಮಣ್ಣಾಕಿದ್ದು ನಾನು."

"ಹಾಗನ್ನಬೇಡಿ ಅಮ್ಮ."

"ಅನ್ನದೇ ಇದ್ರೆ ಸುಳ್ಳಾದದೇ?"

ರಂಜಿತ ಹಿಡಿದ ಕೈ ಬಿಡಲಿಲ್ಲ.

ಕೊನೆಗೆ ಮದುವೆ ನಡೆಯಿತು. ಶೋಭಾರಾಣಿ ದೀಪ ಹಚ್ಚಿ ತಂದಳು, ಡಬ್ಬಿಯಿಂದ ಒಂದು ಹಿಡಿ ಅಕ್ಕಿಗೆ ಅರಿಸಿನ ಕಲಸಿ ತಂದಳು. ಸಿದ್ದರಾಜು ಕತೆ ಹೇಳಿದ. ಹೊಳೆಯ ದಡ, ಬೆಳಗಿನ ಹೊತ್ತು, ದೋಣಿಗೆ ಮಾವಿನ ತೋರಣ. ಅಂಬಿಗರ ಬೋರ ಹೊಸ ಪಂಚೆ ಉಟ್ಟು ನಿಂತಿದ್ದಾನೆ, ಚೆನ್ನಿ ಕತ್ತಿಯನ್ನ ಕೆಳಗಿಟ್ಟು ಬಂದಿದ್ದಾಳೆ. ಹೇಳುತ್ತಾ ಹೇಳುತ್ತಾ ಅವನ ದನಿ ಒಡೆಯಿತು. ಶಿವು ಬಾಯಲ್ಲೇ ಪೀಪಿ ಊದೋಕೆ ಹೋಗಿ ಬಿಕ್ಕಳಿಸಿದ. ಚಿಕ್ಕಬೋರಮ್ಮ ಹಿತ್ತಾಳೆ ನಟ್ಟನ್ನ ಕೊನೆಗೂ ಕೈಗೆತ್ತಿಕೊಂಡಳು. ಅದಕ್ಕಿನ್ನೂ ಮೋಟಾರಿನ ಗ್ರೀಸಿನ ವಾಸನೆ ಇತ್ತು. ನಟ್ಟು ಹಿಡಿದ ಕೈಯಲ್ಲೇ ದಾರವನ್ನ ರಾಣಿಯ ಕುತ್ತಿಗೆಗೆ ಸುತ್ತಿ ಗಂಟು ಹಾಕಿದಳು. ಎಲ್ಲರೂ ಅಕ್ಷತೆ ಹಾಕಿದರು.

ಶಾಸ್ತ್ರ ಗೊತ್ತಿದ್ದ ಶಿವು ಮೆಲ್ಲಗೆ ಕೇಳಿದ, "ಅವ್ವ, ಇನ್ನು ಗಿಡ ಕಡಿಯೋ ಹಂಗೆ ಚೆನ್ನೀನೂ..."

ರಂಜಿತ, "ತೆಗೆದುಬಿಡಿ ಅಮ್ಮ. ಬೋರನ ಜೊತೆಗೇ ಹೋಗ್ಲಿ ಅವಳು" ಅಂದು ರಾಣಿಯನ್ನ ಮುಂದಕ್ಕೆ ತಳ್ಳಿದಳು.

"ಮುಚ್ಚು ಬಾಯಿ!" ಚಿಕ್ಕಬೋರಮ್ಮ ಗದರಿದ ರಭಸಕ್ಕೆ ದೀಪ ಅಲ್ಲಾಡಿತು. "ಕಡಿಯಕ್ಕೆ ನೀನೇನು ಎಕ್ಕದ ಗಿಡವಾ? ಯಾವ ಸಾಸ್ತ್ರ ಏನಾರ ಏಳ್ಲಿ. ಕಡ್ದಿದ್ದು ಸಾಕು ನಾನು."

ತಾನೇ ಕಟ್ಟಿದ ಗಂಟನ್ನ ಹಲ್ಲಿನಲ್ಲಿ ಕಚ್ಚಿ ಬಿಚ್ಚಿದಳು. ದಾರವನ್ನ ನಟ್ಟಿಗೆ ಸುತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು. ಮಾರ್ನಮಿಗೆ ಎಡೆಯಲ್ಲಿ, ಒಳಗೆ, ತಾತನ ಎಲೆಯ ಪಕ್ಕಕ್ಕೇ ಇಡೋದಕ್ಕೆ. ಪಟ್ಟಲಮ್ಮ ಬಂದು ಕೇಳಲಿ, ಹೇಳ್ತೀನಿ ಅಂದುಕೊಂಡಳು. ಬಿಳಿ ರಾಣಿಯನ್ನ ರಂಜಿತಳ ಅಂಗೈಗಿಟ್ಟು ಬೆರಳು ಮಡಿಸಿದಳು.

"ಮನೇಲಿ ಗಂಡು ನೋಡ್ತಾವ್ರಾ ನಿಂಗೆ?"

"ನೋಡ್ತಾ ಇದಾರೆ."

"ಆಗು. ಒಳ್ಳೇ ಮನೆ ಆದ್ರೆ ಆಗು. ಆ ಮನೆ ಅತ್ತೆ ಬಾಯಿ ಎಂಗದೆ ಅಂತ ಮೊದ್ಲು ನೋಡ್ಕೊ."

ಶೋಭಾರಾಣಿಯಿಂದ ಕುಂಕುಮದ ಬಟ್ಟಲು ಇಸಕೊಂಡು ರಂಜಿತಳ ಹಣೆಗೆ ಇಟ್ಟಳು. ಅವತ್ತು ಹೊಸಲಲ್ಲಿ ಇಡಬೇಕಾಗಿದ್ದ ಕುಂಕುಮ. ಆ ಹುಡುಗಿ ಅಷ್ಟು ಹೊತ್ತು ತಡೆದುಕೊಂಡಿದ್ದವಳು ಆಗ ಚಿಕ್ಕಬೋರಮ್ಮನ ತೋಳಿಗೆ ಹಣೆ ಒತ್ತಿ ಅತ್ತಳು. ಕುಂಕುಮವೆಲ್ಲ ಮದುವೆ ಸೀರೆಗೆ ಹತ್ತಿತು.

ಹಿಂದಿರುಗುವಾಗ ಮಳವಳ್ಳಿಯಲ್ಲಿ ಬಸ್ಸು ತುಂಬಿತು. ಪಕ್ಕದಲ್ಲಿ ಕೂತ ಹೆಂಗಸು ಮಾತಿನವಳು; ಟಿಕೇಟು ತೆಗೆಯುವ ಮುಂಚೆಯೇ ಶುರು ಮಾಡಿದಳು.

"ಒಳ್ಳೇ ಸೀರೆ ಉಟ್ಟಿದ್ದೀರಲ್ಲ ಅಕ್ಕ, ಮದ್ವೆಗೋಗಿದ್ರಾ?"

"ಊಂ."

"ಯಾರ್ದು?"

"ನನ್ ಮಗಂದೇ."

"ಅಯ್ಯೋ, ಮಗನ ಮದ್ವೆ ಮುಗುಸ್ಕೊಂಡು ಒಬ್ರೇ ಬಸ್ಸಲ್ಲಿ ಓಯ್ತಿದ್ದೀರಲ್ಲ! ಸೊಸೆ ಎಲ್ಲಿ? ಇನ್ನೂ ಮನೆಗ್ ಬಂದಿಲ್ವಾ?"

ಚಿಕ್ಕಬೋರಮ್ಮ ಸೆರಗಿನ ಗಂಟನ್ನ ಮುಷ್ಟಿಯಲ್ಲಿ ಹಿಡಿದು ಕಿಟಕಿಯ ಆಚೆ ನೋಡಿದಳು. ಕಬ್ಬಿನ ಗದ್ದೆಗಳು ಹಿಂದಕ್ಕೆ ಓಡುತ್ತಿದ್ದವು.

"ಬಂದಿದ್ಲು ಕಣವ್ವ" ಅಂದಳು. "ನಾನೇ ಒಂದು ಲೋಟ ನೀರೂ ಕೊಡ್ದೆ ಕಳುಸ್ಬುಟ್ಟೆ."